ಪರಮ ತ್ರಿತ್ವದ ವಿಶ್ವಾಸ ಸತ್ಯ: ಒಂದು ಚಾರಿತ್ರಿಕ ನೋಟ

ಪಿತ, ಸುತ, ಪವಿತ್ರಾತ್ಮರ ನಾಮವನ್ನು ಉಚ್ಚರಿಸಿ ಶಿಲುಬೆಯ ಗುರುತು ಹಾಕದೆ ನಮ್ಮ ಯಾವ ಪ್ರಾರ್ಥನೆಯೂ ಆರಂಭವಾಗದು. ಈ ದೇವಾಲಯದ ನೂರು ವರ್ಷಗಳ ಜ್ಞಾನಸ್ನಾನದ ಪುಸ್ತಕಗಳಲ್ಲಿರುವ ಪ್ರತಿಯೊಂದು ಹೆಸರೂ ಆ ನಾಮದಲ್ಲೇ ಧರ್ಮಸಭೆಯನ್ನು ಸೇರಿದುದು. ಆದರೂ "ನಿಮಗೆ ಮೂವರು ದೇವರೇ?" ಎಂದು ನೆರೆಯವರು ಕೇಳಿದಾಗ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ, "ಅದೊಂದು ರಹಸ್ಯ" ಎಂದು ಹೇಳಿ ಸುಮ್ಮನಾಗುತ್ತೇವೆ. ರಹಸ್ಯವೆಂಬುದು ನಿಜ. ಆದರೆ ಅದು ಆಲೋಚಿಸಬಾರದ ವಿಷಯವಲ್ಲ, ಎಷ್ಟು ಅರಿತರೂ ಅರಿತು ಮುಗಿಯದ ಸತ್ಯ. ಅದನ್ನು ಹೇಳಲು ಸರಿಯಾದ ಮಾತುಗಳನ್ನು ಕಂಡುಕೊಳ್ಳಲು ನಮ್ಮ ಪೂರ್ವಿಕರು ಪಟ್ಟ ಪಾಡನ್ನು ಶತಮಾನೋತ್ಸವದ ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತ.

'ತ್ರಿತ್ವ' ಎಂಬ ಪದ ಪವಿತ್ರ ಗ್ರಂಥದಲ್ಲಿಲ್ಲ. ಸತ್ಯ ಮಾತ್ರ ಅಲ್ಲಿದೆ. ದೇವರೊಬ್ಬರೇ ಎಂದು ದಿನವೂ ಪಠಿಸುತ್ತಿದ್ದ ಯೆಹೂದ್ಯ ಕುಲದಲ್ಲಿ ಹುಟ್ಟಿದ ಪ್ರೇಷಿತರು, ಆ ನಂಬಿಕೆಯನ್ನು ಬಿಡದೆಯೇ ಯೇಸುವನ್ನು ಪ್ರಭುವೆಂದು ಆರಾಧಿಸಿದರು, ಪವಿತ್ರಾತ್ಮರ ಶಕ್ತಿಯನ್ನು ಅನುಭವಿಸಿದರು. ಸಂತ ಮತ್ತಾಯರ ಶುಭಸಂದೇಶದ ಕೊನೆಯಲ್ಲಿ ಪ್ರಭು ಜ್ಞಾನಸ್ನಾನದ ಆಜ್ಞೆ ನೀಡುವಾಗ ಮೂವರನ್ನು ಹೆಸರಿಸಿದರೂ 'ನಾಮಗಳಲ್ಲಿ' ಎನ್ನದೆ 'ನಾಮದಲ್ಲಿ' ಎಂದರು. ಆ ಏಕವಚನದಲ್ಲಿಯೇ ನಮ್ಮ ವಿಶ್ವಾಸದ ಬೀಜವಿದೆ. ಕ್ರಿ.ಶ. 180ರ ಸುಮಾರಿಗೆ ಅಂತಿಯೋಕ್ಯದ ಧರ್ಮಾಧ್ಯಕ್ಷ ಥಿಯೋಫಿಲುಸ್ ಗ್ರೀಕ್ ಭಾಷೆಯಲ್ಲಿಯೂ, ಮೂರನೆಯ ಶತಮಾನದ ಆದಿಯಲ್ಲಿ ಕಾರ್ಥೇಜಿನ ತೆರ್ತುಲಿಯನ್ ಲತೀನ್ ಭಾಷೆಯಲ್ಲಿಯೂ ತ್ರಿತ್ವವನ್ನು ಸೂಚಿಸುವ ಪದವನ್ನು ಬಳಸಿದರು.

ಮುಂದಿನ ದಾರಿಯ ಎರಡು ಬದಿಯಲ್ಲೂ ಹಳ್ಳವಿತ್ತು. ಒಬ್ಬನೇ ದೇವರು ಮೂರು ವೇಷ ಧರಿಸಿದನೆಂದು ಸಬೆಲ್ಲಿಯುಸನ ಪಂಥದವರು ಕಲಿಸಿದರು. ಹಾಗಾದರೆ ಗೆತ್ಸೆಮನೆಯಲ್ಲಿ ಸುತನು ಪ್ರಾರ್ಥಿಸಿದ್ದು ಯಾರಿಗೆ? ಇನ್ನೊಂದು ಬದಿಯಲ್ಲಿ ಅಲೆಕ್ಸಾಂಡ್ರಿಯದ ಗುರು ಆರಿಯುಸ್, ಸುತನು ಎಷ್ಟೇ ಶ್ರೇಷ್ಠನಾದರೂ ಸೃಷ್ಟಿಯೇ, ಅವನು ಇಲ್ಲದಿದ್ದ ಒಂದು ಕಾಲವಿತ್ತು ಎಂದು ವಾದಿಸಿದ. ತಂದೆಯು ಮಗನಿಗಿಂತ ಹಿರಿಯನೆಂಬ ಈ ತರ್ಕ ಸಾಮಾನ್ಯರಿಗೂ ಸುಲಭವಾಗಿ ರುಚಿಸಿತು.

ವಿವಾದವನ್ನು ಬಗೆಹರಿಸಲು ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ಇಂದಿನ ಟರ್ಕಿ ದೇಶದ ನಿಸೆಯಾ ನಗರದಲ್ಲಿ ಮಹಾಸಭೆಯನ್ನು ಕರೆದ. ಅಲ್ಲಿ ನೆರೆದ ಧರ್ಮಾಧ್ಯಕ್ಷರು 318 ಮಂದಿ ಎಂಬುದು ಪರಂಪರೆಯ ಮಾತು. ಸುತನು ಪಿತನೊಂದಿಗೆ ಏಕಸ್ವಭಾವದವನು ಎಂದು ಅವರು ಘೋಷಿಸಿದರು. ಡೀಕನ್ ಆಗಿ ಅಲ್ಲಿಗೆ ಬಂದಿದ್ದ ಸಂತ ಅಥನಾಸಿಯುಸ್ 328ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾದರು. ಬೆಳಕು ಇದ್ದಾಗಲೆಲ್ಲ ಅದರ ಪ್ರಭೆಯೂ ಇರುವಂತೆ, ಪಿತನಿದ್ದಾಗಲೆಲ್ಲ ಸುತನೂ ಇದ್ದಾನೆಂದು ಅವರು ಬೋಧಿಸಿದರು. ಅವರ ಹೃದಯವನ್ನು ಸುಟ್ಟ ಪ್ರಶ್ನೆ ಬರಿಯ ಪದದ್ದಲ್ಲ, ನಮ್ಮ ರಕ್ಷಣೆಯದು. ಕ್ರಿಸ್ತನು ಸೃಷ್ಟಿಯಾಗಿದ್ದರೆ ಅವನಿಗೂ ದೇವರಿಗೂ ನಡುವೆ ನಮಗಿರುವಷ್ಟೇ ಅಂತರವಿದೆ. ಅಂಥವನು ನಮ್ಮನ್ನು ದೇವರಲ್ಲಿ ಒಂದುಗೂಡಿಸಲಾರ. ರಾಜಬಲ ಆರಿಯುಸನ ಅನುಯಾಯಿಗಳತ್ತ ತಿರುಗಿದಾಗ ಈ ಬೋಧನೆಗಾಗಿ ಅಥನಾಸಿಯುಸರು ಐದು ಬಾರಿ ಗಡೀಪಾರಾಗಿ, ಒಟ್ಟು ಸುಮಾರು 17 ವರ್ಷ ತಮ್ಮ ಪೀಠದಿಂದ ದೂರವಿರಬೇಕಾಯಿತು.

ನಿಸೆಯಾದ ವಿಶ್ವಾಸ ಪ್ರಮಾಣ ಪವಿತ್ರಾತ್ಮರನ್ನು ಹೆಸರಿಸಿದ್ದು ಬಿಟ್ಟರೆ ಹೆಚ್ಚೇನನ್ನೂ ಹೇಳಿರಲಿಲ್ಲ. ಆತ್ಮರು ದೇವರಲ್ಲವೆನ್ನುವವರು ಎದ್ದಾಗ ಕಪದೋಕ್ಯದ ಸಂತ ಬಾಸಿಲರು ಜನರ ಪ್ರಾರ್ಥನೆಯನ್ನೇ ಸಾಕ್ಷಿಯಾಗಿ ನಿಲ್ಲಿಸಿದರು: ಜ್ಞಾನಸ್ನಾನದಲ್ಲಿ ಪಿತ ಸುತರ ಜೊತೆಗೆ ಹೆಸರಿಸಲ್ಪಡುವವರನ್ನು ಸ್ತುತಿಯಲ್ಲಿ ಬೇರ್ಪಡಿಸುವುದು ಹೇಗೆ? ಬಾಸಿಲರು ತೀರಿಕೊಂಡ ಬಳಿಕ, 381ರ ಕಾನ್‌ಸ್ಟಂಟಿನೋಪಲ್ ಮಹಾಸಭೆ ಈ ವಿಶ್ವಾಸವನ್ನು ದೃಢಪಡಿಸಿತು. ಭಾನುವಾರದ ಬಲಿಪೂಜೆಯಲ್ಲಿ ನಾವು ಪಠಿಸುವ ದೀರ್ಘ ವಿಶ್ವಾಸ ಪ್ರಮಾಣ ಈ ಎರಡು ಸಭೆಗಳ ಹೆಸರನ್ನು ಹೊತ್ತಿದೆ. ನಿಸೆಯಾದ 1700ನೆಯ ವರ್ಷವನ್ನು ಕ್ರೈಸ್ತ ಜಗತ್ತು 2025ರಲ್ಲಿ ಆಚರಿಸಿತು.

ಸಂತ ಅಗಸ್ಟೀನರು ಈ ವಿಷಯವಾಗಿ ಹದಿನೈದು ಭಾಗಗಳ ಗ್ರಂಥವನ್ನೇ ಬರೆದರು. ಕಡಲಿನ ನೀರನ್ನು ಗುಂಡಿಗೆ ತುಂಬಲು ಹೊರಟ ಬಾಲಕನನ್ನು ಅವರು ಕಂಡರೆಂಬ ಕಥೆ ನಂತರದ ಕಾಲದ್ದು. ಅವರ ಬರವಣಿಗೆಯಲ್ಲಿ ಅದಿಲ್ಲ. ಅವರು ನೀಡಿದ ಹೋಲಿಕೆ ಪ್ರೀತಿಯದು: ಪ್ರೀತಿಸುವವನು, ಪ್ರೀತಿಗೆ ಪಾತ್ರನಾದವನು ಮತ್ತು ಆ ಪ್ರೀತಿ. ಹೋಲಿಕೆಗಳು ಸಾಲವೆಂಬುದನ್ನೂ ಅವರೇ ಒಪ್ಪಿದರು.

ಹಾಗಾದರೆ ನೆರೆಯವರಿಗೆ ಏನೆಂದು ಉತ್ತರಿಸೋಣ? ದೇವರು 'ಏನು' ಎಂದು ಕೇಳಿದರೆ ಉತ್ತರ ಒಂದೇ: ಒಂದು ದೈವಸ್ವಭಾವ, ಒಂದು ಚಿತ್ತ, ಒಂದು ಶಕ್ತಿ. 'ಯಾರು' ಎಂದು ಕೇಳಿದರೆ ಪಿತ, ಸುತ, ಪವಿತ್ರಾತ್ಮ. ಕೆಲವರು ಸದ್ಭಾವನೆಯಿಂದ ತ್ರಿಮೂರ್ತಿಗಳ ಹೋಲಿಕೆ ಕೊಡುವುದುಂಟು. ಆ ಆದರವನ್ನು ಗೌರವಿಸೋಣ. ಆದರೆ ನಮ್ಮ ವಿಶ್ವಾಸದಲ್ಲಿ ಸೃಷ್ಟಿ, ಸ್ಥಿತಿ, ಲಯಗಳೆಂದು ಕಾರ್ಯ ಹಂಚಿಕೆಯಿಲ್ಲ, ಮೂವರ ಕಾರ್ಯವೂ ಒಂದೇ ಎಂದು ವಿನಯದಿಂದ ತಿಳಿಸೋಣ.

ಜಗದ್ಗುರು ಇಪ್ಪತ್ತೆರಡನೆಯ ಜಾನ್ 1334ರಲ್ಲಿ ಇಡೀ ಪಾಶ್ಚಾತ್ಯ ಧರ್ಮಸಭೆಗೆ ವಿಧಿಸಿದ ತ್ರಿತ್ವದ ಹಬ್ಬ, ಪಂಚಾಶತ್ತಮ ಹಬ್ಬದ ಮುಂದಿನ ಭಾನುವಾರ ಪ್ರತಿವರ್ಷವೂ ಬರುತ್ತದೆ. ದೇವರು ಏಕಾಂಗಿಯಲ್ಲ, ಅನಾದಿಯಿಂದಲೂ ಪ್ರೀತಿಯ ಅನ್ಯೋನ್ಯತೆ ಎಂದು ಸಾರುವ ಹಬ್ಬವದು. ಆ ನಾಮದಲ್ಲಿ ಕೂಡಿದ ಸಭೆಯಲ್ಲಿ ಒಬ್ಬರು ಇನ್ನೊಬ್ಬರೊಡನೆ ಮಾತು ಬಿಟ್ಟು ಕೂರುವುದು ಆ ನಾಮಕ್ಕೇ ವಿರೋಧ. ಇನ್ನು ಮುಂದೆ ಶಿಲುಬೆಯ ಗುರುತನ್ನು ಅವಸರದ ಕೈಬೀಸಾಗಿಸದೆ, ಹಿರಿಯರು ಗಡೀಪಾರನ್ನು ಸಹಿಸಿ ಉಳಿಸಿಕೊಟ್ಟ ವಿಶ್ವಾಸದ ಅರಿಕೆಯಾಗಿ ನಿಧಾನವಾಗಿ ಹಾಕೋಣ. ತ್ರಿಯೇಕ ದೇವರು ನಮ್ಮ ಧರ್ಮಕೇಂದ್ರವನ್ನು ಎರಡನೆಯ ಶತಮಾನದಲ್ಲಿಯೂ ಹರಸಲಿ.