ಜಿಲ್ಲೆಯ ಗಡಿ, ದೇಗುಲದ ಶೈಲಿ: ಕುರುಗೋಡಿನ ಕಡೆಯಿಂದ ಒಂದು ಗ್ರಂಥಸಮೀಕ್ಷೆ

ಅಲೆಕ್ಸಾಂಡರ್ ರೀ ಅವರ ‘ಚಾಲುಕ್ಯನ್ ಆರ್ಕಿಟೆಕ್ಚರ್’ 1896ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂತು. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಉದಾಹರಣೆಗಳು ಇದರಲ್ಲಿವೆ ಎಂದು ಅದರ ಉಪಶೀರ್ಷಿಕೆ ಹೇಳುತ್ತದೆ. ಆ ಮಾತನ್ನು ನಂಬಿ ಇಂದಿನ ಬಳ್ಳಾರಿ ಜಿಲ್ಲೆಯ ದೇಗುಲಗಳಿಗಾಗಿ ಪುಟ ತಿರುವಿದವರಿಗೆ ನಿರಾಸೆಯೇ ಹೆಚ್ಚು. ಬಾಗಳಿ, ನೀಲಗುಂದ, ಹಲವಾಗಲು, ಹಿರೇಹಡಗಲಿ, ಮಾಗಳ, ಕುರುವತ್ತಿ: ಗ್ರಂಥದ ಜೀವಾಳವಾದ ಈ ಊರುಗಳೆಲ್ಲ ಹರಪನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳವು. 2021ರಿಂದ ಅವು ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯದಂತೂ ದೊಡ್ಡ ಅಲೆದಾಟ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, ಮೂರು ವರ್ಷ ತುಂಬುವಷ್ಟರಲ್ಲಿ ಮತ್ತೆ ಹೊಸ ಜಿಲ್ಲೆಯ ಪಾಲಾಯಿತು. ರೀ ಕಾಲದ ಬಳ್ಳಾರಿಯೊಳಗಿದ್ದ ಆದೋನಿ, ಆಲೂರು, ರಾಯದುರ್ಗಗಳು 1953ರ ಅಕ್ಟೋಬರ್ 1ರಂದೇ ಆಂಧ್ರಕ್ಕೆ ಸೇರಿದ್ದವು. ಈಗ ಬಳ್ಳಾರಿ ಜಿಲ್ಲೆ ಎಂದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು, ಇಷ್ಟೇ.

ಇದು ಬರೀ ಸೂಚಿಪಟ್ಟಿಯ ತೊಡಕಾಗಿದ್ದರೆ ಒಂದು ಅಡಿಟಿಪ್ಪಣಿ ಸಾಕಾಗುತ್ತಿತ್ತು. ಯಾವ ದೇಗುಲವನ್ನು ಯಾರು ಅಳೆಯಬೇಕು, ಯಾವುದರ ಪಕ್ಕ ಇಟ್ಟು ಹೋಲಿಸಬೇಕು ಎಂಬುದನ್ನೂ ಆಡಳಿತದ ಗಡಿಗಳೇ ತೀರ್ಮಾನಿಸಿದವು ಎಂಬುದು ಈ ಟಿಪ್ಪಣಿಯ ವಾದ.

1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಸೀಮೆಯೊಡನೆ ಬಳ್ಳಾರಿ ಮದ್ರಾಸಿಗೆ ಸೇರಿತು. ತುಂಗಭದ್ರೆಯ ಆಚೆ ದಡ ನಿಜಾಮರದ್ದಾಗಿಯೇ ಉಳಿಯಿತು, ಧಾರವಾಡ ಮುಂಬೈಗೆ ಸೇರಿತು, ದಕ್ಷಿಣದಲ್ಲಿ ಮೈಸೂರು ಸಂಸ್ಥಾನವಿತ್ತು. ಗ್ರಂಥಗಳೂ ಹಾಗೆಯೇ ಹಂಚಿಹೋದವು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ 1866ರಲ್ಲಿ ಬಂದ ಛಾಯಾಚಿತ್ರ ಸಂಪುಟದ ಹೆಸರಲ್ಲಿರುವುದು ಧಾರವಾಡ ಮತ್ತು ಮೈಸೂರು. ಫ್ಲೀಟ್ ಅವರ ರಾಜವಂಶಗಳ ಚರಿತ್ರೆ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳದ್ದು. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ಕ್ಕೆ ಬಳ್ಳಾರಿ ಹೊರಗಿನ ಊರು. ಹೆನ್ರಿ ಕಸೆನ್ಸ್ 1926ರ ತಮ್ಮ ಗ್ರಂಥದಲ್ಲಿ ನಿಜಾಮರ ಸೀಮೆಯ ಇಟಗಿ, ಕುಕನೂರುಗಳನ್ನು ಸೇರಿಸಿಕೊಂಡು ಗಡಿ ದಾಟಿದರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಒಂದೇ ಹೊಳೆಯ ಎರಡು ದಡದ ದೇಗುಲಗಳನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ಆ ಪೀಳಿಗೆಗೆ ಬರಲಿಲ್ಲ.

ಇದರ ಫಲ ಕುರುಗೋಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಇಂದು ಏಕಶಿಲೆಯ ದೊಡ್ಡ ನಂದಿಗೂ ದೊಡ್ಡಬಸವೇಶ್ವರನ ತೇರಿಗೂ ಹೆಸರಾದ ಈ ಊರು ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರ ರಾಜಧಾನಿಯಾಗಿತ್ತು. ಸಿಂದರೆಂದರೆ ಓದುಗರಿಗೆ ಮೊದಲು ನೆನಪಾಗುವುದು ಯಲಬುರ್ಗಿಯ ಶಾಖೆ, ಏಕೆಂದರೆ ಫ್ಲೀಟ್ ಅವರ ಚರಿತ್ರೆಯಲ್ಲಿ ವಿಸ್ತಾರ ಸಿಕ್ಕಿದ್ದು ಅದಕ್ಕೆ. ಕುರುಗೋಡಿನ ರಾಚಮಲ್ಲನ ಶಾಸನವನ್ನು ಎಲ್. ಡಿ. ಬಾರ್ನೆಟ್ ‘ಎಪಿಗ್ರಾಫಿಯಾ ಇಂಡಿಕಾ’ದ 14ನೇ ಸಂಪುಟದಲ್ಲಿ ಪ್ರಕಟಿಸಿದರು. ಅದರ ಶಕ ವರ್ಷಗಳು 1095 ಮತ್ತು 1103, ಅಂದರೆ ಸುಮಾರು ಕ್ರಿ.ಶ. 1173 ಮತ್ತು 1181. ಆ ಹೊತ್ತಿಗೆ ಕಲ್ಯಾಣದ ಗದ್ದುಗೆ ಚಾಲುಕ್ಯರ ಕೈತಪ್ಪಿ ಕಳಚುರಿಗಳ ವಶವಾಗಿತ್ತು. ಹಾಗಿದ್ದರೂ ಆ ಕಾಲದ ಕಟ್ಟಡವನ್ನು ನಾವು ‘ಚಾಲುಕ್ಯ ಶೈಲಿ’ ಎಂದೇ ಕರೆಯುತ್ತೇವೆ. ಕಾಳಮುಖ ಗುರುಗಳು, ವರ್ತಕರು, ಊರಗೌಡರು ಕಟ್ಟಿಸಿದ ದೇಗುಲಗಳಿಗೂ ಅದೇ ಹೆಸರು. ಈ ಹೆಸರಿಗೆ ಗಟ್ಟಿ ನೆಲೆ ಒದಗಿಸಿದ್ದು ಫರ್ಗುಸನ್ ಅವರ 1876ರ ಭಾರತೀಯ ವಾಸ್ತುಚರಿತ್ರೆ. ರೀ, ಕಸೆನ್ಸ್ ಇಬ್ಬರೂ ಅದನ್ನು ಪ್ರಶ್ನಿಸದೆ ತಮ್ಮ ಗ್ರಂಥಗಳ ಮೈಮೇಲೆ ಬರೆದುಕೊಂಡರು.

ಕಟ್ಟಿದವರೇ ತಮ್ಮ ಕೆಲಸವನ್ನು ಹೇಗೆ ವಿಂಗಡಿಸುತ್ತಿದ್ದರು? ಇದಕ್ಕೆ ಉತ್ತರ ಹಳೆಯ ಬಳ್ಳಾರಿ ಜಿಲ್ಲೆಯೊಳಗೇ ಇದೆ. ಹಡಗಲಿ ಸೀಮೆಯ ಹೊಳಲಿನ ಅಮೃತೇಶ್ವರ ದೇಗುಲದ ಕಂಬವೊಂದರ ಬೋದಿಗೆಯ ಮೇಲೆ ಚಿಕ್ಕ ಬರಹವೊಂದಿದೆ. ಸೋಗಿಯ ಪದೋಜನ ಶಿಷ್ಯ ಬಮ್ಮೋಜನ ಹೊಗಳಿಕೆ ಅದು. ಅರವತ್ತನಾಲ್ಕು ಕಲೆ ಬಲ್ಲವನು, ಕಲಿಯುಗದ ವಿಶ್ವಕರ್ಮ ಎಂಬ ವಾಡಿಕೆಯ ಬಿರುದುಗಳ ನಡುವೆ ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳನ್ನು ಬಲ್ಲವನೆಂಬ ಮಾತೂ ಬರುತ್ತದೆ. ಮದ್ರಾಸಿನ ಶಾಸನ ಇಲಾಖೆ ಇದನ್ನು 1914-15ರ ವರದಿಯಲ್ಲಿ ದಾಖಲಿಸಿತು.

ಈ ಬರಹದಲ್ಲಿ ನನಗೆ ಮಹತ್ವದ್ದಾಗಿ ಕಾಣುವುದು ಎರಡು. ಮೊದಲನೆಯದಾಗಿ, ನಾಲ್ಕರಲ್ಲಿ ಒಂದೂ ಅರಸುಮನೆತನದ ಹೆಸರಲ್ಲ. ಸೋಗಿಯಂಥ ಊರಿನ ಓಜನೊಬ್ಬ ತನ್ನ ಪರಿಣತಿಯನ್ನು ಅಳೆದುಕೊಂಡದ್ದು ಎಷ್ಟು ರೂಪಗಳು ತನ್ನ ಕೈವಶವಾಗಿವೆ ಎಂಬ ಲೆಕ್ಕದಿಂದ. ಯಾರ ರಾಜ್ಯದಲ್ಲಿ ಕಟ್ಟಿದೆ ಎಂಬುದು ಅವನ ಹೊಗಳಿಕೆಗೆ ಬೇಕಾಗಲಿಲ್ಲ. ಎರಡನೆಯದಾಗಿ, ಬರಹ ಇರುವ ಜಾಗ. ದಾನಶಾಸನಗಳು ಪ್ರಾಂಗಣದಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತಿರುತ್ತವೆ. ಇದು ಕತ್ತೆತ್ತಿ ಹುಡುಕುವವರಿಗೆ ಮಾತ್ರ ಸಿಗುವ ಬೋದಿಗೆಯ ಮೇಲಿದೆ, ಕಸುಬಿನವರು ಕಸುಬಿನವರಿಗಾಗಿ ಬರೆದಂತಿದೆ.

ವರದಿಯಲ್ಲಿದ್ದ ಈ ಸಾಕ್ಷ್ಯ ವಾಸ್ತುಚರಿತ್ರೆಯೊಳಗೆ ಬೇರೂರಲು ಬಹಳ ಕಾಲ ಹಿಡಿಯಿತು. ಕರ್ನಾಟಕದ ಶಾಸನಗಳಲ್ಲಿರುವ ದೇಗುಲರೂಪಗಳನ್ನೇ ವಿಷಯವಾಗಿಸಿಕೊಂಡು ಎಂ. ಎ. ಢಾಕಿ ಬರೆದ ಪುಸ್ತಕ 1977ರದ್ದು. ಆ್ಯಡಮ್ ಹಾರ್ಡಿ 1995ರಲ್ಲಿ ಅರಸುಮನೆತನದ ಹೆಸರನ್ನು ಬದಿಗಿಟ್ಟು ‘ಕರ್ನಾಟ ದ್ರಾವಿಡ’ ಎಂಬ ಪರಂಪರೆಯಾಗಿ ಏಳರಿಂದ ಹದಿಮೂರನೆಯ ಶತಮಾನದವರೆಗಿನ ಕಟ್ಟಡಗಳನ್ನು ಓದಿದರು. ದೇಗುಲದ ಗೋಡೆಯೆಂದರೆ ಪುಟ್ಟ ಪುಟ್ಟ ದೇಗುಲಗಳು ಒಂದರೊಳಗಿಂದ ಒಂದು ಹೊಮ್ಮುವ ಜೋಡಣೆ ಎಂಬುದು ಅವರ ವಿವರಣೆಯ ತಿರುಳು. ಗೆರಾರ್ಡ್ ಫೂಕೆಮಾ ಅವರ ಮೂರು ಸಂಪುಟಗಳು 2003ರವು. ಅವುಗಳ ಶಿಸ್ತು ಮೆಚ್ಚಬೇಕಾದದ್ದೇ, ಆದರೂ ಹೆಸರಲ್ಲಿ ಮತ್ತೆ ಚಾಲುಕ್ಯರೇ.

ಇಷ್ಟಾದರೂ ರೀ ಗ್ರಂಥವನ್ನು ಬದಿಗೆ ಸರಿಸುವಂತಿಲ್ಲ. ತಳವಿನ್ಯಾಸ, ಬಾಗಿಲವಾಡ, ಭುವನೇಶ್ವರಿ, ಕಂಬಗಳ ನಕ್ಷೆಗಳನ್ನು ಅಳತೆ ಹಿಡಿದು ಗೆರೆಯಲ್ಲಿ ಬಿಡಿಸಿದ ಅದರ ಫಲಕಗಳೇ ಅದರ ಬಲ. ಕುರುವತ್ತಿಯ ಮದನಿಕೆಯರನ್ನು ಇಂದು ಯಾರಾದರೂ ಫೋಟೋ ತೆಗೆಯಬಹುದು. ಆದರೆ ಕಂಬದ ಗಿಂಡಿ ಭಾಗ ಎಲ್ಲಿ ಒಳಸರಿಯುತ್ತದೆ, ಬಾಗಿಲಿನ ಶಾಖೆಗಳಲ್ಲಿ ಯಾವುದು ಎಷ್ಟು ಮುಂದೆ ಚಾಚಿದೆ ಎಂಬುದು ತಿಳಿಯಬೇಕಾದರೆ ಗೆರೆನಕ್ಷೆಯೇ ಬೇಕು. ಅಲಂಕಾರದ ಬಿಡಿಭಾಗಗಳಿಗೆ ಕೊಟ್ಟ ಗಮನದಲ್ಲಿ ಹತ್ತೊಂಬತ್ತನೆಯ ಶತಮಾನದ ಅಭಿರುಚಿ ಇದೆ, ನಿಜ. ಓದುಗರು ಬಿಡಿಭಾಗವನ್ನು ಮತ್ತೆ ಇಡೀ ಕಟ್ಟಡದೊಳಗೆ ಕೂಡಿಸಿಕೊಳ್ಳಬೇಕಾಗುತ್ತದೆ.

ಗಡಿಯ ಪ್ರಶ್ನೆ ಸಿರುಗುಪ್ಪದಲ್ಲಿ ಬೇರೆ ಬಗೆಯಲ್ಲಿ ಎದುರಾಗುತ್ತದೆ. ಹೊಳೆಯಾಚೆಯ ಮಸ್ಕಿಯ ಅಶೋಕ ಶಾಸನವನ್ನು ಹೈದರಾಬಾದಿನ ಪುರಾತತ್ವ ಇಲಾಖೆ 1915ರಲ್ಲೇ ಪುಸ್ತಕವಾಗಿ ತಂದಿತು. ಅರಸನ ಹೆಸರನ್ನು ಹೊತ್ತದ್ದರಿಂದ ಅದು ಶಾಲೆಯ ಪಾಠಕ್ಕೂ ಬಂತು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳದ ಶಾಸನಗಳಲ್ಲೂ ಅಶೋಕನ ಹೆಸರಿದೆ, ಆದರೆ ಅವು ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ಹುಲ್ಟ್ಸ್ ಅವರ 1925ರ ಅಶೋಕ ಶಾಸನಸಂಪುಟದಲ್ಲಿ ಅವಕ್ಕೆ ಜಾಗವಿರುವ ಪ್ರಶ್ನೆಯೇ ಇರಲಿಲ್ಲ. ಅದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳ ಮೇಲಿನ ನವಶಿಲಾಯುಗದ ದುಂಡು ಗುಡಿಸಲುಗಳ ಬಗ್ಗೆ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ 1965ರಲ್ಲಿ ಪ್ರಕಟಿಸಿದ ವರದಿಯನ್ನು ಪ್ರಾಗಿತಿಹಾಸದವರು ಮಾತ್ರ ಓದುತ್ತಾರೆ. ಮನೆ ಕಟ್ಟುವ ಚರಿತ್ರೆಗೆ ಅದೂ ಆಕರವೇ.

ಬಳಕೆಯ ದೃಷ್ಟಿಯಿಂದ ಎರಡು ಸೂಚನೆಗಳಿವೆ. ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೇ ಸಂಪುಟದ ಮೊದಲ ಭಾಗ (1939) ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಅರಸುಮನೆತನಗಳ ಕ್ರಮದಲ್ಲಿ ಜೋಡಿಸಿದೆ. ಒಂದು ಊರಿನ ಶಾಸನಗಳು ಹಲವು ಕಡೆ ಚದುರಿರುವುದರಿಂದ ಅದನ್ನು ಊರಹೆಸರು ಹಿಡಿದು ಓದಬೇಕು. ಇನ್ನು ರೀ ಗ್ರಂಥದ ಯಾವುದೇ ಫಲಕವನ್ನು ಉಲ್ಲೇಖಿಸುವಾಗ ಊರಿನ ಹೆಸರಿನ ಜೊತೆಗೆ 1896ರ ತಾಲ್ಲೂಕನ್ನೂ ಈಗಿನ ತಾಲ್ಲೂಕು, ಜಿಲ್ಲೆಗಳನ್ನೂ ಬರೆಯಬೇಕು. ಬರೀ ‘ಬಳ್ಳಾರಿ ಜಿಲ್ಲೆ’ ಎಂದು ಬರೆದರೆ ಬಾಗಳಿಯ ಕಲ್ಲೇಶ್ವರನನ್ನು ಹುಡುಕಿಕೊಂಡು ಯಾರಾದರೂ ಕುರುಗೋಡಿನ ಬಸ್ಸು ಹತ್ತಿಯಾರು.