ಫಾರ್ವರ್ಡ್‌ಗೆ ಜಾಗ ಎಷ್ಟು? ಗಾಂಧಿಬಾಗ್‌ನಿಂದ ಒಂದು ಹಾಕಿ ಕಥೆ

ಈ ಸಲದ ವಿಡಿಯೊದಲ್ಲಿ ಹಿಂದೆ ಕೈಗಾಡಿಗಳ ಗಡಗಡ ಸದ್ದು, ಯಾರೋ ಮರಾಠಿಯಲ್ಲಿ ಕೂಗಾಡೋದು ಎಲ್ಲಾ ಕೇಳಿಸುತ್ತೆ. ಅದನ್ನು ರೆಕಾರ್ಡ್ ಮಾಡಿದ್ದು ನಾಗಪುರದ ಗಾಂಧಿಬಾಗ್‌ನಲ್ಲಿ, ನನ್ನ ತಂಗಿಯ ಮನೆಯ ಮಹಡಿ ಮೇಲೆ. ಗಾಂಧಿಬಾಗ್ ಅಂದ್ರೆ ಸಗಟು ಬಟ್ಟೆ ಪೇಟೆ. ಬೆಳಿಗ್ಗೆ ಹತ್ತರಿಂದ ರಾತ್ರಿವರೆಗೂ ಅಲ್ಲಿ ಮೌನ ಅನ್ನೋದು ಸಿಗೋದಿಲ್ಲ. ಸೌಂಡ್ ಸರಿಯಿಲ್ಲ ಅಂತ ಬೈದುಕೊಂಡವರಿಗಾಗಿ ಆ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ವಿಷಯ ಹುಟ್ಟಿದ್ದು ಊಟದ ತಟ್ಟೆ ಮುಂದೆ. ತಂಗಿಯ ಮಗನಿಗೆ ಹತ್ತೊಂಬತ್ತು. ಹಾಕಿ ಆಡ್ತಾನೆ, ಫಾರ್ವರ್ಡ್. ಒಂದು ತಂಡದ ಆಯ್ಕೆ ಶಿಬಿರಕ್ಕೆ ಹೋಗಿದ್ದ. ಹದಿನೆಂಟು ಜನರ ಪಟ್ಟಿಯಲ್ಲಿ ಐದು ಫಾರ್ವರ್ಡ್. ಇವನು ಆರನೆಯವನು. 'ಮಾಮ, ನಾನು ಆಡಿದ್ದರಲ್ಲಿ ತಪ್ಪೇನಿತ್ತು ಅಂತ ಯಾರೂ ಹೇಳ್ಲಿಲ್ಲ. ಡಿಫೆಂಡರ್ ಆಗು, ಡ್ರ್ಯಾಗ್ ಫ್ಲಿಕ್ ಕಲಿ ಅಂದ್ರು ಅಷ್ಟೆ' ಅಂದ. ತಂಗಿ ನನ್ನ ಕಡೆ ನೋಡಿದಳು, 'ಅಣ್ಣ, ನೀನೇ ಏನಾದ್ರೂ ಹೇಳು' ಅನ್ನೋ ಹಾಗೆ. ನಾನು ಇತಿಹಾಸ ಬಿಟ್ಟು ಬೇರೇನು ಹೇಳಲಿ?

ಕಥೆ ಅವನ ಊರಿನಿಂದಲೇ ಶುರುವಾಗುತ್ತೆ, ಅದೇ ಇದರ ಸ್ವಾರಸ್ಯ. 1928ರಲ್ಲಿ ಭಾರತ ಮೊದಲ ಸಲ ಒಲಿಂಪಿಕ್ಸ್‌ಗೆ ಹಾಕಿ ತಂಡ ಕಳಿಸಬೇಕಿತ್ತು, ಆಮ್‌ಸ್ಟರ್‌ಡ್ಯಾಂಗೆ. ಆಟಗಾರರನ್ನು ಆರಿಸೋದು ಹೇಗೆ? ಕಲ್ಕತ್ತೆಯಲ್ಲಿ ಪ್ರಾಂತ್ಯಗಳ ನಡುವೆ ಒಂದು ಟೂರ್ನಿ ಇಟ್ಟರು. ಬಂದದ್ದು ಐದು ತಂಡ: ಸಂಯುಕ್ತ ಪ್ರಾಂತ್ಯ, ಪಂಜಾಬ್, ಬಂಗಾಳ, ರಾಜಪುತಾನ, ಸೆಂಟ್ರಲ್ ಪ್ರಾವಿನ್ಸಸ್. ಕೊನೆಯದಕ್ಕೆ ರಾಜಧಾನಿ ಯಾವುದು ಗೊತ್ತಾ? ಇದೇ ನಾಗಪುರ. ಮದರಾಸಿಲ್ಲ, ಮೈಸೂರಿಲ್ಲ, ಕೊಡಗಿಲ್ಲ. ನಮ್ಮ ಕಡೆಯ ಫಾರ್ವರ್ಡ್ ಎಷ್ಟೇ ಚುರುಕಾಗಿದ್ದರೂ ಆ ವರ್ಷ ಅವನನ್ನು ನೋಡೋ ಕಣ್ಣೇ ಅಲ್ಲಿರಲಿಲ್ಲ. ಆಯ್ಕೆ ಅನ್ನೋದು ಮೈದಾನಕ್ಕಿಳಿಯೋಕೆ ಮುಂಚೆಯೇ ಅರ್ಧ ಮುಗಿದಿರುತ್ತೆ ಅಂತ ನಾನು ಹೇಳೋದು ಇದಕ್ಕೇ.

ಟೂರ್ನಿಯನ್ನು ಸಂಯುಕ್ತ ಪ್ರಾಂತ್ಯ ಗೆದ್ದಿತು. ಅಲ್ಲಿ ಸೆಂಟರ್ ಫಾರ್ವರ್ಡ್ ಆಗಿ ಮಿಂಚಿದ ಸಿಪಾಯಿ ಧ್ಯಾನ್‌ಚಂದ್. ಇಲ್ಲಿಂದ ಹಡಗು ಹತ್ತೋಕೆ 13 ಮಂದಿಯ ಪಟ್ಟಿ ಆಯ್ತು. ನಾಯಕ ಜೈಪಾಲ್ ಸಿಂಗ್ ಆಗ ಇಂಗ್ಲೆಂಡಿನಲ್ಲೇ ಇದ್ದರು. ಪಟ್ಟಿ ಆದ ಮೇಲೆ ಲೆಕ್ಕ ನೋಡಿದರೆ ಫೆಡರೇಶನ್ ಕೈಯಲ್ಲಿ 15,000 ರೂಪಾಯಿ ಕಡಿಮೆ. ಏನು ಮಾಡಿದರು? ಇಬ್ಬರನ್ನು ಕೈಬಿಡೋಣ ಅಂದರು. ಬಂಗಾಳದ ಶೌಕತ್ ಅಲಿ ಒಬ್ಬ. ಸೆಂಟ್ರಲ್ ಪ್ರಾವಿನ್ಸಸ್‌ನ ಆರ್.ಎ. ನಾರಿಸ್ ಇನ್ನೊಬ್ಬ. ಆಡಿ ತೋರಿಸಿ ಗಳಿಸಿದ ಜಾಗ, ಕಾಸಿಲ್ಲದೆ ಹೋಗೋದರಲ್ಲಿತ್ತು. ಕೊನೆಗೆ ಬಂಗಾಳದ ಜನ ದೇಣಿಗೆ ಕೊಟ್ಟರು, ಇಬ್ಬರೂ ಹೊರಟರು. ಮಾರ್ಚ್ 10ರಂದು ಬೊಂಬಾಯಿಯಲ್ಲಿ 'ಕೈಸರ್-ಇ-ಹಿಂದ್' ಹಡಗು ಬಿಟ್ಟಾಗ ಬೀಳ್ಕೊಡೋಕೆ ಬಂದವರು ಮೂರೇ ಜನ. ಅದಕ್ಕೆ ಮುಂಚೆ ಬೊಂಬಾಯಿ ತಂಡ ಇವರನ್ನು 3-2ರಲ್ಲಿ ಸೋಲಿಸಿತ್ತು. ಜನ ಯಾಕೆ ಬರ್ತಾರೆ ಹೇಳಿ. ಮೇ 26ರಂದು ಡಚ್ಚರನ್ನು ಅವರ ನೆಲದಲ್ಲೇ 3-0ರಲ್ಲಿ ಸೋಲಿಸಿ ಚಿನ್ನ ತಂದರು, ಅದು ಎಲ್ಲರಿಗೂ ಗೊತ್ತಿರೋ ಮಾತು. ಗೊತ್ತಿಲ್ಲದ ಮಾತು ನಾರಿಸ್‌ದು. ಕಾಸಿಗಾಗಿ ಬಿಟ್ಟುಹೋಗಬೇಕಿದ್ದ ಆ ಮನುಷ್ಯ ಮುಂದೆ ಅದೇ ಡಚ್ಚರ ತಂಡಕ್ಕೆ ತರಬೇತುದಾರರಾದರು.

ಈಗ ಜಾಗದ ಲೆಕ್ಕಕ್ಕೆ ಬರೋಣ. ಆ ಕಾಲದಲ್ಲಿ ತಂಡ ನಿಲ್ಲುತ್ತಿದ್ದ ರೀತಿ ಎರಡು ಫುಲ್‌ಬ್ಯಾಕ್, ಮೂರು ಹಾಫ್, ಐದು ಫಾರ್ವರ್ಡ್. ಲೆಫ್ಟ್ ಔಟ್, ಲೆಫ್ಟ್ ಇನ್, ಸೆಂಟರ್, ರೈಟ್ ಇನ್, ರೈಟ್ ಔಟ್. ಹನ್ನೊಂದರಲ್ಲಿ ಐದು! ಇವತ್ತಿನ ಹುಡುಗರಿಗೆ ಇದು ರಾಮರಾಜ್ಯ ಅನ್ನಿಸಬಹುದು. ಆದರೆ ಬದಲಿ ಆಟಗಾರ ಇಳಿಯೋ ಪದ್ಧತಿ ಇರಲಿಲ್ಲ. ಐದರಲ್ಲಿ ಒಬ್ಬನಾದರೆ ಪೂರ್ತಿ ಎಪ್ಪತ್ತು ನಿಮಿಷ ಆಟ, ಆರನೆಯವನಾದರೆ ಪೂರ್ತಿ ಎಪ್ಪತ್ತು ನಿಮಿಷ ಬೆಂಚು.

ಇದರ ಜೊತೆಗೆ ಹೆಸರಿನ ಭಾರ ಬೇರೆ. 1932ರ ಲಾಸ್ ಏಂಜಲಿಸ್‌ಗೆ ಮತ್ತೆ ಪ್ರಾಂತ್ಯಗಳ ಟೂರ್ನಿ ನಡೀತು. ಸೇನೆ ಧ್ಯಾನ್‌ಚಂದ್‌ಗೆ ರಜೆ ಕೊಡಲಿಲ್ಲ. ಅವರು ಆಡದೇ ಆಯ್ಕೆಯಾದರು, ಉಳಿದವರು ಆಡಿ ತೋರಿಸಬೇಕಾಯ್ತು. ಅನ್ಯಾಯ ಅಂತೀರಾ? ಆ ಕ್ರೀಡಾಕೂಟದಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದ ಪಂದ್ಯದಲ್ಲಿ ಅವರದು ಎಂಟು ಗೋಲು, ತಮ್ಮ ರೂಪ್ ಸಿಂಗ್‌ರದು ಹತ್ತು. ನನ್ನ ಪ್ರಕಾರ ಅದು ಸರಿಯಾದ ಅನ್ಯಾಯ. ಆದರೆ ಸೆಂಟರ್ ಫಾರ್ವರ್ಡ್ ಆಗಬೇಕು ಅಂತ ಆ ವರ್ಷ ಟೂರ್ನಿಗೆ ಹೋದ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಇಲ್ಲದ ಜಾಗಕ್ಕೆ ಪರೀಕ್ಷೆ ಬರೆದ ಹಾಗೆ.

1936 ಬರ್ಲಿನ್ ಕಥೆ ಇನ್ನೂ ಬೇರೆ. ಜರ್ಮನಿಗೆ ಹೋಗಿ ಅಭ್ಯಾಸ ಪಂದ್ಯದಲ್ಲಿ 4-1ರಿಂದ ಸೋತರು. ಮುಂಚೂಣಿಯಲ್ಲಿ ಇನ್‌ಸೈಡ್ ರೈಟ್ ಜಾಗ ಹೊಂದಿಕೆ ಆಗ್ತಿರಲಿಲ್ಲ. ಊರಿಗೆ ತಂತಿ ಹೋಯ್ತು, ಅಲಿ ದಾರಾರನ್ನು ಕಳಿಸಿ ಅಂತ. ದಾರಾ ವಿಮಾನದಲ್ಲಿ ಬಂದು ಸೆಮಿಫೈನಲ್ ಹೊತ್ತಿಗೆ ತಂಡ ಸೇರಿದರು. ಆಗಸ್ಟ್ 15ರ ಫೈನಲ್‌ನಲ್ಲಿ ಅದೇ ಜರ್ಮನಿಯ ಮೇಲೆ 8-1. ಹಡಗಿನಲ್ಲಿ ವಾರಗಟ್ಟಲೆ ಬಂದು, ಶಿಬಿರದಲ್ಲಿ ಬೆವರು ಸುರಿಸಿ, ದಾರಾ ಇಳಿದ ದಿನ ಜಾಗ ಕಳಕೊಂಡವನ ಬಗ್ಗೆ ಯಾರೂ ಕೇಳೋದಿಲ್ಲ, ನೋಡಿ.

ನಮ್ಮ ಕಡೆಯವರು ಬರೋಕೆ ತಡವಾಯ್ತು, ಬಂದಾಗ ಜೋರಾಗೇ ಬಂದರು. ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, ಇಬ್ಬರೂ ಫಾರ್ವರ್ಡ್, ಇಬ್ಬರೂ 1972ರ ಮ್ಯೂನಿಕ್ ಕಂಚಿನ ತಂಡದಲ್ಲಿದ್ದರು. 1973ರ ವಿಶ್ವಕಪ್‌ಗೆ ಗಣೇಶ್ ನಾಯಕ. ಆಮ್ಸ್ಟೆಲ್‌ವೀನ್‌ನಲ್ಲಿ ಡಚ್ಚರ ವಿರುದ್ಧ ಫೈನಲ್. ಸುರ್ಜಿತ್ ಸಿಂಗ್ ಎರಡು ಗೋಲು ಹಾಕಿ ಮುಂದಿಟ್ಟರು, ಡಚ್ಚರು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ನಮಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯೋಕೆ ಹೋದವರು ಗೋವಿಂದ. ಆಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ ಸೋತೆವು. ಚಿಕ್ಕವನಿದ್ದಾಗ ಈ ಸ್ಟ್ರೋಕಿನ ಬಗ್ಗೆ ನಮ್ಮ ಮನೆ ಜಗಲಿಯಲ್ಲಿ ಜಗಳವೇ ಆಗ್ತಿತ್ತು. ನನಗೆ ಮುಖ್ಯ ಅನ್ನಿಸೋದು ಆಮೇಲಿನದು. ಅಂಥದ್ದೊಂದು ತಪ್ಪಿದ ಮೇಲೆ ಫಾರ್ವರ್ಡ್‌ನ ಜಾಗ ಉಳಿಯೋದು ಕಷ್ಟ. ಗೋವಿಂದ ಉಳಿಸಿಕೊಂಡರು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಗಣೇಶ್ ಇರಲಿಲ್ಲ.

ಮರುವರ್ಷ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಕೃತಕ ಹುಲ್ಲಿಗೆ ಬಂತು. ಅಲ್ಲಿಂದ ಐದು ಫಾರ್ವರ್ಡ್‌ಗಳ ಕಾಲ ಕರಗುತ್ತಾ ಹೋಯ್ತು. ಒಬ್ಬನನ್ನು ಹಿಂದಕ್ಕೆಳೆದು ಮಿಡ್‌ಫೀಲ್ಡ್ ಮಾಡಿದರು, ಆಮೇಲೆ ಇನ್ನೊಬ್ಬನನ್ನು. ಈಗ ಸಾಮಾನ್ಯವಾಗಿ ಮೈದಾನದಲ್ಲಿ ಮೂರು ಫಾರ್ವರ್ಡ್. 1992ರಲ್ಲಿ ಎಷ್ಟು ಸಲ ಬೇಕಾದರೂ ಬದಲಿ ಇಳಿಸಬಹುದು ಅನ್ನೋ ನಿಯಮ ಬಂತು, ಆ ದಶಕದಲ್ಲೇ ಆಫ್‌ಸೈಡ್ ಹೋಯ್ತು. ಹಾಗಾಗಿ ಫಾರ್ವರ್ಡ್ ಅಂದ್ರೆ ಕೆಲವೇ ನಿಮಿಷ ಉಸಿರು ಬಿಡದೆ ಓಡಿ, ಹೊರಬಂದು, ಮತ್ತೆ ಒಳಗೆ ಹೋಗೋನು. ಟೋಕಿಯೊ, ಪ್ಯಾರಿಸ್ ಎರಡಕ್ಕೂ ಭಾರತ ಕಳಿಸಿದ 16ರಲ್ಲಿ ಫಾರ್ವರ್ಡ್‌ಗಳು ಐದೈದು. ಸಂಖ್ಯೆ ಅದೇ ಐದು, ಅರ್ಥ ಪೂರ್ತಿ ಬೇರೆ.

ಈ ಹೊಸ ಆಟಕ್ಕೇ ಹುಟ್ಟಿದವನ ಹಾಗಿದ್ದವರು ಸೋಮವಾರಪೇಟೆಯ ಎಸ್.ವಿ. ಸುನಿಲ್. ಸ್ಟಿಕ್ ಕೊಳ್ಳೋಕೆ ಕಾಸಿಲ್ಲದೆ ಬಿದಿರಿನ ಕೋಲಿನಲ್ಲಿ ಕಲಿತವರು. ಬರೀ ವೇಗ. ಎರಡು ಒಲಿಂಪಿಕ್ಸ್ ಆಡಿದರು, 2018ರ ವಿಶ್ವಕಪ್ ಮಂಡಿ ಗಾಯದಿಂದ ತಪ್ಪಿತು, ಟೋಕಿಯೊ ಪಟ್ಟಿಯಲ್ಲಿ ಹೆಸರು ಬರಲಿಲ್ಲ, 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. 264 ಪಂದ್ಯ, 72 ಗೋಲು.

ಇನ್ನು ದುಡ್ಡಿನ ಲೀಗ್‌ಗಳು. 2005ರಿಂದ 2008ರವರೆಗೆ ಪ್ರೀಮಿಯರ್ ಹಾಕಿ ಲೀಗ್ ಇತ್ತು, ಬೆಂಗಳೂರಿಗೆ ತಂಡವಿತ್ತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಕರ್ನಾಟಕ ಲಯನ್ಸ್, ಅರ್ಜುನ್ ಹಾಲಪ್ಪ ನಾಯಕ. ಎರಡು ಆಡಳಿತ ಸಂಸ್ಥೆಗಳ ಕಿತ್ತಾಟದ ನಡುವೆ ಅದು ಒಂದೇ ವರ್ಷಕ್ಕೆ ಮುಗೀತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ಕರ್ನಾಟಕದ ತಂಡ ಇಲ್ಲ. 2024ರ ಡಿಸೆಂಬರ್‌ನಲ್ಲಿ ಅದೇ ಲೀಗ್ ಮತ್ತೆ ಎದ್ದಾಗ ಪುರುಷರದು ಎಂಟು ತಂಡ, ಕರ್ನಾಟಕದ್ದು ಒಂದೂ ಇಲ್ಲ. ಮನೆಮನೆಯ ಹೆಸರಲ್ಲಿ ತಂಡ ಕಟ್ಟಿ ಕೌಟುಂಬಿಕ ಹಾಕಿ ಉತ್ಸವ ಮಾಡೋ ಕೊಡಗು ಇರೋ ರಾಜ್ಯಕ್ಕೆ! ಆ ಉತ್ಸವ 1997ರಲ್ಲಿ 60 ಕುಟುಂಬಗಳಿಂದ ಶುರುವಾಗಿ 2024ರಲ್ಲಿ 360 ತಂಡಕ್ಕೆ ಏರಿತ್ತು. ಇದು ನನಗೆ ಇವತ್ತಿಗೂ ಅರಗದ ವಿಷಯ.

2024ರ ಆ ಸಲ ತಂಡವೊಂದಕ್ಕೆ 24 ಆಟಗಾರರಿದ್ದರು. ಅದರಲ್ಲಿ ಎಂಟು ವಿದೇಶಿಯರು, ಉಳಿದ 16 ಭಾರತೀಯರಲ್ಲಿ ನಾಲ್ವರು ಜೂನಿಯರ್. ಖರ್ಚಿಗೆ ನಾಲ್ಕು ಕೋಟಿ ಮಿತಿ ಇತ್ತು. ಇಲ್ಲಿ ಗಾಂಧಿಬಾಗ್‌ನ ವ್ಯಾಪಾರಿಯ ಲೆಕ್ಕ ಬರುತ್ತೆ. ನಮ್ಮ ಭಾವನವರು ಹೇಳೋ ಪ್ರಕಾರ, ಗಿರಾಕಿ ಮೊದಲು ಸಿಗದ ಮಾಲಿಗೆ ದುಡ್ಡು ಸುರೀತಾನೆ, ಎಲ್ಲಾ ಅಂಗಡಿಯಲ್ಲೂ ಸಿಗೋದಕ್ಕೆ ಚೌಕಾಸಿ ಮಾಡ್ತಾನೆ. ಹರಾಜು ನೋಡಿ. 2012ರ ಡಿಸೆಂಬರ್‌ನಲ್ಲಿ ಡಿಫೆಂಡರ್ ವಿ.ಆರ್. ರಘುನಾಥ್‌ಗೆ 76,000 ಡಾಲರ್, ಫಾರ್ವರ್ಡ್ ಸುನಿಲ್‌ಗೆ 42,000. ಇಬ್ಬರೂ ಕೊಡಗಿನವರೇ. 2024ರಲ್ಲಿ ಹರ್ಮನ್‌ಪ್ರೀತ್‌ಗೆ 78 ಲಕ್ಷ, ಅವರೂ ಡಿಫೆಂಡರ್. ಫಾರ್ವರ್ಡ್ ಅಭಿಷೇಕ್‌ಗೆ 72 ಲಕ್ಷ ಬಂದದ್ದು ನನಗೆ ಖುಷಿ ಕೊಟ್ಟಿತು, ಆದರೂ ಮೇಲಿನ ಮೆಟ್ಟಿಲು ಡ್ರ್ಯಾಗ್ ಫ್ಲಿಕರ್‌ದೇ. ಫಾರ್ವರ್ಡ್ ಓಡಿ ಪೆನಾಲ್ಟಿ ಕಾರ್ನರ್ ಗಳಿಸಿಕೊಡ್ತಾನೆ, ಗೋಲು ಹಿಂದಿನಿಂದ ಬಂದವನ ಹೆಸರಿಗೆ.

ಹಾಗಂತ ಸೋದರಳಿಯನಿಗೆ ಡಿಫೆಂಡರ್ ಆಗು ಅಂದೆನಾ? ಇಲ್ಲ. ಸಿಮ್ರನ್‌ಜೀತ್ ಸಿಂಗ್ ಕಥೆ ಹೇಳಿದೆ. ಟೋಕಿಯೊಗೆ ಮೊದಲ 16ರಲ್ಲಿ ಅವನ ಹೆಸರಿಲ್ಲ, ಮೀಸಲು ಆಟಗಾರ. ಕೋವಿಡ್ ಕಾರಣಕ್ಕೆ ನಿಯಮ ಸಡಿಲಿಸಿ 18ರಲ್ಲಿ ಯಾವ 16 ಜನರನ್ನಾದರೂ ಪ್ರತಿ ಪಂದ್ಯಕ್ಕೆ ಇಳಿಸಬಹುದು ಅಂದರು. 2021ರ ಆಗಸ್ಟ್ 5, ಕಂಚಿನ ಪಂದ್ಯ, ಜರ್ಮನಿ 3-1ರಿಂದ ಮುಂದೆ. ನಾವು ಗೆದ್ದದ್ದು 5-4. ಅದರಲ್ಲಿ ಎರಡು ಗೋಲು ಸಿಮ್ರನ್‌ಜೀತ್‌ದು.

'ಅಂದ್ರೆ ಮಾಮ, ನಿಯಮ ಬದಲಾಗೋವರೆಗೆ ಕಾಯಬೇಕಾ?' ಅಂದ ಹುಡುಗ. ತಲೆ ಇದೆ ಅವನಿಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಆ ವಯಸ್ಸಿನಲ್ಲಿ ಒಂದು ಇಲಾಖೆಯ ತಂಡಕ್ಕೆ ಲೆಫ್ಟ್ ಔಟ್ ಆಗೋಕೆ ಹೋಗಿ, ಎರಡು ದಿನ ಶಿಬಿರದಲ್ಲಿದ್ದು, ಬಸ್ ಚಾರ್ಜ್ ಈಸಿಕೊಂಡು ವಾಪಸ್ ಬಂದವನು. ಅದನ್ನು ಅವನಿಗೆ ಮೊದಲ ಸಲ ಹೇಳಿದೆ. ಅವನು ನಕ್ಕ, ತಂಗಿಯೂ ನಕ್ಕಳು. ಮರುದಿನ ಬೆಳಿಗ್ಗೆ ಐದೂವರೆಗೆ, ಕೈಗಾಡಿಗಳು ಇನ್ನೂ ಬರೋಕೆ ಮುಂಚೆ, ಅವನು ಸ್ಟಿಕ್ ಚೀಲ ಹೆಗಲಿಗೆ ಹಾಕಿಕೊಂಡು ಸೈಕಲ್ ಇಳಿಸ್ತಿದ್ದ ಸದ್ದು ಕೇಳಿಸ್ತು.