ಎಡಗೈಯ ಕಸುಬು

ಛಾಯಾಚಿತ್ರವನ್ನು ತಿದ್ದುವ ಕಸುಬು ವಯಸ್ಸಿನಲ್ಲಿ ಛಾಯಾಗ್ರಹಣಕ್ಕಿಂತ ಬಹಳ ಕಿರಿದೇನಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಲೇಪಿಸಿ ಚಿತ್ರ ಹಿಡಿಯುವ ವಿಧಾನವನ್ನು ಫ್ರೆಡರಿಕ್ ಸ್ಕಾಟ್ ಆರ್ಚರನು 1851ರಲ್ಲಿ ಪ್ರಕಟಿಸಿದ ನಾಲ್ಕೇ ವರ್ಷಗಳಲ್ಲಿ, ಮ್ಯೂನಿಚ್ ನಗರದ ಫ್ರಾಂಟ್ಸ್ ಹಾನ್‌ಫ್‌ಸ್ಟೆಂಗ್ಲನು ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಒಂದೇ ಭಾವಚಿತ್ರದ ಎರಡು ಪ್ರತಿಗಳನ್ನು, ತಿದ್ದಿದುದೊಂದು ತಿದ್ದದಿದ್ದುದೊಂದು, ತೂಗುಹಾಕಿ ಜನರನ್ನು ಬೆರಗುಗೊಳಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಇದಕ್ಕೆ ಮನುಷ್ಯನ ರೂಪಾಭಿಮಾನವೊಂದೇ ಕಾರಣವಲ್ಲ. ಆ ಕಾಲದ ಫಲಕವು ನೀಲಿಯ ಬೆಳಕಿಗೆ ಸ್ಪಂದಿಸಿ ಕೆಂಪಿಗೆ ಕುರುಡಾಗಿದ್ದುದರಿಂದ, ಕೆನ್ನೆಯ ನಸುಗೆಂಪೂ ಮೂಗಿನ ಮೇಲಣ ಕಂದು ಚುಕ್ಕೆಯೂ ಕಾಗದದ ಮೇಲೆ ಕಪ್ಪು ಕಲೆಗಳಾಗಿ ಮೂಡುತ್ತಿದ್ದವು. ಅಂಥ ಮುಖವನ್ನು ಹಣ ತೆತ್ತು ಮನೆಗೊಯ್ಯಲು ಯಾವ ಗಿರಾಕಿ ಒಪ್ಪಿಯಾನು?

ತಿದ್ದುವವನ ಪೀಠವೆಂದರೆ ಓರೆಯಾಗಿ ನಿಲ್ಲಿಸಿದ ಒಂದು ಸಣ್ಣ ಮೇಜು. ಅದರ ನಡುವೆ ಉಜ್ಜಿದ ಗಾಜು, ಗಾಜಿನಡಿಯಲ್ಲಿ ಕಿಟಕಿಯ ಬೆಳಕನ್ನು ಮೇಲಕ್ಕೆಸೆಯುವ ಕನ್ನಡಿ, ತಲೆಯ ಮೇಲೆ ಉಳಿದ ಬೆಳಕನ್ನು ತಡೆಯುವ ಮರೆ. ಟರ್ಪೆಂಟೈನಿನಲ್ಲಿ ರಾಳವನ್ನು ಕರಗಿಸಿದ ದ್ರವವನ್ನು ನೆಗೆಟಿವಿನ ಮೇಲೆ ತೆಳ್ಳಗೆ ಸವರಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನೀಳವಾಗಿ ಮೊನೆ ಮಾಡಿದ ಸೀಸದ ಕಡ್ಡಿಯಿಂದ ಅವನು ಅತಿಸೂಕ್ಷ್ಮವಾದ ಗೆರೆಗಳನ್ನು ತುಂಬುತ್ತ ಹೋಗುತ್ತಿದ್ದನು. ಮುಖದ ಕಪ್ಪು ಕಲೆಯು ನೆಗೆಟಿವಿನಲ್ಲಿ ತಿಳಿಯಾದ ಬಿಂದುವಾಗಿರುತ್ತದಷ್ಟೆ. ಅಲ್ಲಿ ಸೀಸ ತುಂಬಿದರೆ ಮುದ್ರಣದಲ್ಲಿ ಆ ಎಡೆ ಬೆಳ್ಳಗಾಗುತ್ತದೆ. ಕಪ್ಪಾಗಿಸಬೇಕಾದಲ್ಲಿ ಚೂರಿಯ ಅಲಗಿನಿಂದ ಪದರವನ್ನೇ ಹೆರೆಯಬೇಕು. ಹೆರೆದದ್ದು ಹೆಚ್ಚಾದರೆ ಆ ನೆಗೆಟಿವ್ ಕೆಟ್ಟಂತೆಯೇ. ನಮ್ಮ ಮೈಸೂರು, ಧಾರವಾಡ, ಮಂಗಳೂರುಗಳ ಸ್ಟುಡಿಯೋಗಳಲ್ಲಿಯೂ ಕಪ್ಪುಬಿಳುಪಿನ ಕಾಲ ಮುಗಿಯುವವರೆಗೆ ಈ ಕೆಲಸಕ್ಕೆ ಟಚಿಂಗ್ ಎಂದೇ ಹೆಸರು. ಬಲಗೈ ಹೀಗೆ ದುಡಿಯುವಾಗ ಎಡಗೈಗೆ ದೊರೆಯುತ್ತಿದ್ದುದು ನೆಗೆಟಿವನ್ನು ತಿರುಗಿಸಿಕೊಡುವ, ಭೂತಗನ್ನಡಿಯನ್ನು ಹಿಡಿಯುವ ಊಳಿಗ ಮಾತ್ರ.

ಕತ್ತಲೆಕೋಣೆಯಲ್ಲಿ ಹಾಗಲ್ಲ, ಅಲ್ಲಿ ಎರಡು ಕೈಗಳಿಗೂ ಸಮಾನ ಗೌರವ. ಹಿಗ್ಗಿಸುವ ಯಂತ್ರದ ದೀಪಕ್ಕೂ ಕಾಗದಕ್ಕೂ ನಡುವೆ, ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಹಿಡಿದು ಮುಖದ ಮೇಲೆ ಬೀಳುವ ಬೆಳಕನ್ನು ಕೆಲವು ಕ್ಷಣ ತಡೆಯುವುದು ಡಾಡ್ಜಿಂಗ್. ಅಂಗೈಗಳನ್ನು ಬೊಗಸೆ ಮಾಡಿ ಅದರ ಸಂದಿನಿಂದ ಆಕಾಶದ ಭಾಗಕ್ಕಷ್ಟೇ ಇನ್ನೂ ಬೆಳಕು ಬಿಡುವುದು ಬರ್ನಿಂಗ್. ಅಂಚು ಕಾಣಬಾರದೆಂದು ಕೈ ಸದಾ ಅಲುಗಾಡುತ್ತಿರಬೇಕು, ಬಾಯಿ ಕ್ಷಣಗಳನ್ನೆಣಿಸುತ್ತಿರಬೇಕು. ತಪ್ಪಿದರೆ ಇನ್ನೊಂದು ಕಾಗದ, ಮತ್ತೊಮ್ಮೆ ದ್ರಾವಣದ ತಟ್ಟೆ.

ಅಮೆರಿಕದ ಆನ್ ಆರ್ಬರಿನಲ್ಲಿ ಗ್ಲೆನ್ ನೋಲ್ ಎಂಬ ಪ್ರಾಧ್ಯಾಪಕರು ಮನೆಯ ನೆಲಮಾಳಿಗೆಯಲ್ಲಿ ಇಂಥ ಒಂದು ಕತ್ತಲೆಕೋಣೆಯನ್ನಿರಿಸಿಕೊಂಡಿದ್ದರು, ಅವರ ಮಗ ಥಾಮಸ್ ಬಾಲ್ಯದಲ್ಲಿ ಅಲ್ಲಿಯೇ ಕೈ ಪಳಗಿಸಿಕೊಂಡನು. 1987ರಲ್ಲಿ, ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಕಪ್ಪು ಬಿಳುಪೆರಡನ್ನೇ ಬಲ್ಲ ಮ್ಯಾಕಿಂಟಾಷ್ ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಲೆಂದು ಅವನು ಬರೆದ ಒಂದು ಪುಟ್ಟ ಕ್ರಮವಿಧಿಯೇ, ಚಲನಚಿತ್ರಗಳ ಚಮತ್ಕಾರ ದೃಶ್ಯಗಳನ್ನು ನಿರ್ಮಿಸುವ ಸಂಸ್ಥೆಯಲ್ಲಿದ್ದ ತಮ್ಮ ಜಾನನ ಒತ್ತಾಸೆಯಿಂದ ಬೆಳೆದು, 1990ರ ಫೆಬ್ರುವರಿಯಲ್ಲಿ ಅಡೋಬಿ ಸಂಸ್ಥೆಯ ಮೂಲಕ ಫೋಟೋಶಾಪ್ ಎಂಬ ಹೆಸರಿನಿಂದ ಹೊರಬಂದಿತು. ಅದರ ಸಲಕರಣೆಗಳ ಸಾಲಿನಲ್ಲಿ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯ ಚಿತ್ರವೊಂದುಂಟು, ಬೆರಳು ಮಡಿಸಿದ ಕೈಯ ಚಿತ್ರವೊಂದುಂಟು. ಇವು ಆ ತಂತಿಯ ಬಿಲ್ಲೆಯೂ ಆ ಅಂಗೈಯೂ ಅಲ್ಲದೆ ಬೇರೆಯಲ್ಲ. ಎರಡಕ್ಕೂ ಓ ಎಂಬುದೊಂದೇ ಕೀಲಿ. ಆಲ್ಟ್ ಒತ್ತಿ ಹಿಡಿದರೆ ತಡೆಯುವುದು ಬಿಡುವುದಾಗುತ್ತದೆ, ಬಿಡುವುದು ತಡೆಯುವುದಾಗುತ್ತದೆ.

ಕೀಲಿಗಳು ಎಡಗೈಯ ಬಳಿ ಬಂದು ಸೇರಿದುದು ಮತ್ತೊಂದು ಕಥೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ಮೌಸನ್ನು ಲೋಕಕ್ಕೆ ತೋರಿಸಿದರೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಅಂದು ಅವರ ಎಡಗೈಯಡಿಯಲ್ಲಿ ಐದು ಕೀಲಿಗಳ ಒಂದು ಪುಟ್ಟ ಮಣೆಯೂ ಇದ್ದಿತೆಂಬುದನ್ನು ಮರೆಯುತ್ತಾರೆ. ಬಲಗೈ ತೋರಿಸಬೇಕು, ಎಡಗೈ ಆಜ್ಞಾಪಿಸಬೇಕು ಎಂಬುದು ಅವರ ಅಭಿಪ್ರಾಯ. ಮೌಸ್ ಉಳಿಯಿತು, ಆ ಮಣೆ ಹೋಯಿತು. ಆದರೆ 1983ರಲ್ಲಿ ಬಂದ ಆಪಲ್ ಲೀಸಾ ಯಂತ್ರಕ್ಕಾಗಿ ಲ್ಯಾರಿ ಟೆಸ್ಲರ್ ಅವರು ಕತ್ತರಿಸಲು ಎಕ್ಸ್, ನಕಲಿಗೆ ಸಿ, ಅಂಟಿಸಲು ವಿ, ಮಾಡಿದುದನ್ನು ರದ್ದುಗೊಳಿಸಲು ಜೆಡ್ ಎಂದು ಕೀಲಿಮಣೆಯ ಎಡಮೂಲೆಯ ನಾಲ್ಕು ನೆರೆಹೊರೆಯ ಅಕ್ಷರಗಳನ್ನು ಆರಿಸಿದಾಗ, ಎಂಗೆಲ್‌ಬಾರ್ಟರ ಅಭಿಪ್ರಾಯವು ಬೇರೆ ವೇಷದಲ್ಲಿ ಹಿಂದಿರುಗಿತೆನ್ನಬಹುದು. ವಿನೋದವೇನೆಂದರೆ, ಮರುವರ್ಷ ಬಂದ ಮ್ಯಾಕಿಂಟಾಷಿನ ಕೀಲಿಮಣೆಯಲ್ಲಿ, ಜನ ಮೌಸಿಗೇ ಒಗ್ಗಿಕೊಳ್ಳಲೆಂದು, ಬಾಣದ ಗುರುತಿನ ಕೀಲಿಗಳನ್ನೇ ಬಿಡಲಾಗಿತ್ತು.

ಕೀಲಿಯಿಂದ ಕೆಲಸ ನಿಜವಾಗಿಯೂ ಬೇಗವಾಗುತ್ತದೆಯೆ ಎಂಬ ಪ್ರಶ್ನೆಯಲ್ಲಿ ಪಂಡಿತರಿಗೆ ಒಮ್ಮತವಿರಲಿಲ್ಲ. ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು 1980ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಲ್ಲಿ, ಪಳಗಿದವನಿಗೆ ಒಂದು ಕೀಲಿಯನ್ನೊತ್ತಲು ಸುಮಾರು 0.2 ಸೆಕೆಂಡು, ಮೌಸಿನಿಂದ ಒಂದು ಗುರಿಯನ್ನು ಮುಟ್ಟಲು ಸುಮಾರು 1.1 ಸೆಕೆಂಡು. ಸಲಕರಣೆಯ ಸಾಲಿಗೆ ಹೋಗಿ, ಒತ್ತಿ, ಚಿತ್ರಕ್ಕೆ ಮರಳುವುದೆಂದರೆ 2.4 ಸೆಕೆಂಡು, ನೂರು ಸಲ ಹಾಗೆ ಮಾಡಿದರೆ 4 ನಿಮಿಷ, ಕೀಲಿಯಿಂದಾದರೆ 20 ಸೆಕೆಂಡು. ಆದರೆ ಆಪಲ್ ಸಂಸ್ಥೆಯಲ್ಲಿದ್ದ ಬ್ರೂಸ್ ಟೊಗ್ನಾಜಿನಿ 1989ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬರೆದರು: ಕೀಲಿಯೇ ವೇಗವೆಂದು ಬಳಸುವವರು ಹೇಳುತ್ತಾರೆ, ಗಡಿಯಾರವು ಮೌಸೇ ವೇಗವೆನ್ನುತ್ತದೆ, ಯಾವ ಕೀಲಿಯೆಂದು ನೆನೆಯುವುದರಲ್ಲಿ ಕಳೆದ ಕಾಲವು ನೆನೆಯುವವನ ಅರಿವಿಗೇ ಬರುವುದಿಲ್ಲ. ಈ ಮಾತನ್ನು ತಳ್ಳಿಹಾಕತಕ್ಕದ್ದಲ್ಲ. ಅಪರೂಪಕ್ಕೊಮ್ಮೆ ಬೇಕಾಗುವ ಆಜ್ಞೆಗೆ ಮೂರು ಕೀಲಿಗಳ ಸಂಯೋಗವನ್ನು ಕಂಠಪಾಠ ಮಾಡುವವನ ಪಾಂಡಿತ್ಯ ನನಗೆ ವ್ಯರ್ಥಶ್ರಮವಾಗಿಯೇ ತೋರುತ್ತದೆ. ಆದರೆ ದಿನವೂ ಅದೇ ಕೆಲಸ ಮಾಡುವವನು ನೆನೆಯುವುದಿಲ್ಲ. ಅವನ ಬೆರಳೇ ಬಲ್ಲದು.

ಮದುವೆಯ ಚಿತ್ರಗಳ ರಾಶಿಯೆದುರು ಕುಳಿತ ಒಬ್ಬ ಪಳಗಿದ ಎಡಿಟರನ್ನು ನೋಡಬೇಕು. 2007ರಲ್ಲಿ ಬಂದ ಲೈಟ್‌ರೂಮಿನಲ್ಲಿ ಅವನು ಒಂದೊಂದೇ ಚಿತ್ರ ನೋಡುತ್ತ ಪಿ ಒತ್ತಿದರೆ ಸ್ವೀಕೃತ, ಎಕ್ಸ್ ಒತ್ತಿದರೆ ತಿರಸ್ಕೃತ. ಆಯ್ದುದನ್ನು ಫೋಟೋಶಾಪಿಗೆ ತಂದಮೇಲೆ ಅವನ ಬಲಗೈಯ ಲೇಖನಿ ವಧುವಿನ ಹಣೆಯನ್ನು ಬಿಟ್ಟು ಕದಲುವುದಿಲ್ಲ. ಎಡಗೈ ಜೆ ಒತ್ತಿ ಕಲೆ ಮಾಯಿಸುವ ಕುಂಚವನ್ನೂ ಎಸ್ ಒತ್ತಿ ನಕಲುಮುದ್ರೆಯನ್ನೂ ತರಿಸುತ್ತದೆ, ಚೌಕಾವರಣದ ಎರಡು ಕೀಲಿಗಳಿಂದ ಕುಂಚವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಸ್ಪೇಸ್ ಕೀಲಿಯನ್ನೊತ್ತಿ ಹಿಡಿದು ಚಿತ್ರವನ್ನೇ ಸರಿಸಿಕೊಡುತ್ತದೆ. ಹಿಂದಿನವನು ನೆಗೆಟಿವನ್ನು ತಿರುಗಿಸಿಕೊಂಡುದೂ ಹೀಗೆಯೇ.

ಹಳಬನಿಗೆ ಎಂದೂ ದೊರೆಯದಿದ್ದ ಕೀಲಿ ಜೆಡ್ ಒಂದೇ. ಅದೂ ಒಮ್ಮೆಲೇ ಉದಾರಿಯಾಗಲಿಲ್ಲ: ಫೋಟೋಶಾಪ್ ಮೊದಲು ಒಂದೇ ಹೆಜ್ಜೆ ಹಿಂದಕ್ಕೆ ಬಿಡುತ್ತಿದ್ದಿತು, 1998ರ ಐದನೆಯ ಆವೃತ್ತಿಯಲ್ಲಿ ಹಿಸ್ಟರಿ ಫಲಕ ಬಂದು ಹಲವು ಹೆಜ್ಜೆಗಳ ಹಿಂದಕ್ಕೆ ಹೋಗಲು ದಾರಿಯಾಯಿತು, ಕಂಟ್ರೋಲ್ ಜೆಡ್ಡನ್ನು ಒತ್ತಿದಷ್ಟೂ ಹಿಂದಕ್ಕೆ ಸರಿಯುವ ರೂಢಿ ನೆಲೆಗೊಂಡುದು 2018ರಲ್ಲಿ. ಅಲ್ಲಿಯವರೆಗೆ ಎರಡನೆಯ ಸಲ ಒತ್ತಿದರೆ ಅಳಿಸಿದ್ದೇ ಮರಳಿ ಬರುತ್ತಿದ್ದುದರಿಂದ, ಆ ಅಭ್ಯಾಸಕ್ಕೆ ಬಿದ್ದವರು ಈ ಸುಧಾರಣೆಯನ್ನು ಶಪಿಸಿದುದೂ ಉಂಟು. ನನ್ನ ಎಣಿಕೆಯಲ್ಲಿ ಈ ಕಸುಬಿಗೆ ವೇಗ ಬಂದುದು ಬೆರಳಿನ ಚುರುಕಿನಿಂದಲ್ಲ, ಈ ಅಭಯದಿಂದ. ಚೂರಿ ಹಿಡಿದವನು ಒಂದು ಕೂದಲೆಳೆ ಹೆರೆಯುವ ಮುನ್ನ ಕಳೆಯುತ್ತಿದ್ದ ಹೊತ್ತು ಇಂದಿನವನಿಗೆ ಪೂರ್ತಿ ಉಳಿತಾಯವಾಗಿದೆ.

ಹೊಸದಾಗಿ ಕಲಿಯುವವರು ನೂರು ಕೀಲಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕಾಗಿಲ್ಲ. ಕುಂಚದ ಬಿ, ಮೇಲೆ ಹೇಳಿದ ಜೆ, ಎಸ್, ಓ, ಚೌಕಾವರಣಗಳು, ಸ್ಪೇಸ್, ಕಂಟ್ರೋಲ್ ಜೆಡ್ ಇಷ್ಟು ಎಡಗೈಗೆ ರೂಢಿಯಾದರೆ ನಿತ್ಯದ ಕೆಲಸಕ್ಕೆ ಸಾಕು. ಮಿಕ್ಕವು ಬೇಕಾದಾಗ ಮೆನುವಿನಲ್ಲಿ ಸಿಕ್ಕೇ ಸಿಗುತ್ತವೆ.